ಸರ್ಕಾರದ ಅನುದಾನ, ಶಾಲೆಯ ಲೆಕ್ಕ, ನಮ್ಮ ಮನಸ್ಸಾಕ್ಷಿ



ಸಂತ ಲೂಕರ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಒಬ್ಬ ಮೇಲ್ವಿಚಾರಕನ ಸಾಮತಿ ಇದೆ. ಅವನು ಯಜಮಾನನ ಆಸ್ತಿಯನ್ನು ಪೋಲು ಮಾಡುತ್ತಿದ್ದಾನೆಂಬ ದೂರು ಬರುತ್ತದೆ. ಯಜಮಾನ ಅವನನ್ನು ಕರೆಸಿ ಲೆಕ್ಕ ಕೇಳುತ್ತಾನೆ. ಈ ಸಾಮತಿಯನ್ನು ನಾವು ಬಲಿಪೂಜೆಯಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಆದರೆ ನಮ್ಮ ಧರ್ಮಕೇಂದ್ರದ ಅನುದಾನಿತ ಶಾಲೆಯ ಕಚೇರಿಯಲ್ಲಿ ಪ್ರತಿ ಮಾರ್ಚ್ ತಿಂಗಳ ಕೊನೆಯಲ್ಲಿ ನಡೆಯುವ ಗಡಿಬಿಡಿಗೂ ಈ ಸಾಮತಿಗೂ ಸಂಬಂಧವಿದೆ ಎಂದು ಎಂದಾದರೂ ಯೋಚಿಸಿದ್ದೇವೆಯೇ?

ಶಾಲೆಯ ಲೆಕ್ಕಪತ್ರ ಮುಖ್ಯ ಶಿಕ್ಷಕಿ ಸಿಸ್ಟರ್ ಅವರ ತಲೆನೋವು, ಗುಮಾಸ್ತರ ಕೆಲಸ, ಅದರಲ್ಲಿ ನಮಗೇನು ಎಂದು ಹೇಳುವವರೇ ಹೆಚ್ಚು. ಅದು ಸರಿಯಲ್ಲ. ಅಲ್ಲಿ ಓದುವವರು ನಮ್ಮ ಮಕ್ಕಳು. ಅಲ್ಲಿ ಪಾಠ ಹೇಳುವವರು, ಅಡುಗೆ ಮಾಡುವವರು, ಲೆಕ್ಕ ಬರೆಯುವವರು ನಮ್ಮ ಮನೆಯವರೇ. ಆದ್ದರಿಂದ ಈ ವಾರ ಅನುದಾನದ ಹಣದ ಲೆಕ್ಕವನ್ನು ವಿಶ್ವಾಸದ ಬೆಳಕಿನಲ್ಲಿ ಸ್ವಲ್ಪ ವಿವರವಾಗಿ ತಿಳಿಯೋಣ.

ಈ ಹಣ ಯಾರದು?

ಖಾಸಗಿ ಸಂಸ್ಥೆಗಳು ನಡೆಸುವ ಶಾಲೆಗಳಿಗೆ ಸರ್ಕಾರ ಸಹಾಯಧನ ಕೊಡುವ ಪದ್ಧತಿ ನಮ್ಮ ದೇಶದಲ್ಲಿ ವ್ಯಾಪಕವಾಗಿ ಬೆಳೆದದ್ದು 1854ರ ವುಡ್ ಅವರ ಶಿಕ್ಷಣ ಸುತ್ತೋಲೆಯ ನಂತರ. ಸಹಾಯ ಬೇಕೆನ್ನುವ ಶಾಲೆ ಸರ್ಕಾರದ ತಪಾಸಣೆಗೆ ಒಪ್ಪಿಕೊಳ್ಳಬೇಕು ಎಂಬ ಷರತ್ತು ಅಂದೇ ಇತ್ತು. ಹಣ ಮತ್ತು ಲೆಕ್ಕ ಮೊದಲ ದಿನದಿಂದಲೂ ಜೊತೆಜೊತೆಯಾಗಿಯೇ ಬಂದಿವೆ.

ಸ್ವತಂತ್ರ ಭಾರತದ ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ನೀಡಿದೆ. ಅಲ್ಪಸಂಖ್ಯಾತರ ಆಡಳಿತದಲ್ಲಿದೆ ಎಂಬ ಕಾರಣಕ್ಕೆ ಅನುದಾನದಲ್ಲಿ ತಾರತಮ್ಯ ಮಾಡಬಾರದು ಎಂದೂ ಅದು ಹೇಳುತ್ತದೆ. ಈ ಹಕ್ಕನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ 1958ರಲ್ಲಿ ಕೇರಳ ಶಿಕ್ಷಣ ಮಸೂದೆಯ ಬಗ್ಗೆ ಅಭಿಪ್ರಾಯ ನೀಡುವಾಗ ಸರ್ವೋಚ್ಚ ನ್ಯಾಯಾಲಯ ಇನ್ನೊಂದು ಮಾತನ್ನೂ ಸ್ಪಷ್ಟಪಡಿಸಿತು: ಆಡಳಿತ ನಡೆಸುವ ಹಕ್ಕಿನಲ್ಲಿ ದುರಾಡಳಿತ ನಡೆಸುವ ಹಕ್ಕು ಸೇರಿಲ್ಲ. 2019ರಲ್ಲಿ ಅದೇ ನ್ಯಾಯಾಲಯ, ಸರ್ಕಾರದಿಂದ ಗಣನೀಯವಾಗಿ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು 2005ರ ಮಾಹಿತಿ ಹಕ್ಕು ಕಾಯಿದೆಗೆ ಒಳಪಡುತ್ತವೆ ಎಂದು ತೀರ್ಪಿತ್ತಿತು.

ಇದರ ಅರ್ಥವೇನು? ಅನುದಾನ ಯಾವ ಮಂತ್ರಿಯೂ ತನ್ನ ಜೇಬಿನಿಂದ ಕೊಟ್ಟದ್ದಲ್ಲ. ಬೆಂಕಿಪೊಟ್ಟಣ, ಸೋಪು ಕೊಳ್ಳುವ ಕೂಲಿಕಾರನೂ ತೆರಿಗೆ ಕೊಡುತ್ತಾನೆ. ಆ ತೆರಿಗೆಯ ಒಂದು ಭಾಗವೇ ನಮ್ಮ ಶಾಲೆಗೆ ಬರುತ್ತದೆ. ನಾವು ಅದರ ಯಜಮಾನರಲ್ಲ, ಮೇಲ್ವಿಚಾರಕರು ಮಾತ್ರ.

ಪವಿತ್ರ ಗ್ರಂಥ ಕಲಿಸುವ ಲೆಕ್ಕ

ಅರಸುಗಳ ಎರಡನೆಯ ಗ್ರಂಥದ 12ನೇ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ನಿಧಾನವಾಗಿ ಓದಿರಿ. ದೇವಾಲಯದ ದುರಸ್ತಿಗೆಂದು ಜನರು ಹಣ ಕೊಡುತ್ತಿದ್ದರು. ಅದು ಯಾಜಕರ ಕೈಗೆ ಹೋಗುತ್ತಿತ್ತು. ಯೋವಾಷ ಅರಸನ ಆಳ್ವಿಕೆಯ 23ನೇ ವರ್ಷ ಬಂದರೂ ದುರಸ್ತಿಯಾಗಲಿಲ್ಲ. ಆಗ ಯಾಜಕ ಯೆಹೋಯಾದನು ಒಂದು ಪೆಟ್ಟಿಗೆಯ ಮುಚ್ಚಳದಲ್ಲಿ ತೂತು ಕೊರೆಸಿ ಬಲಿಪೀಠದ ಪಕ್ಕದಲ್ಲಿಟ್ಟನು. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಪ್ರಧಾನ ಯಾಜಕನೂ ಇಬ್ಬರೂ ಬಂದು ಎಣಿಸುತ್ತಿದ್ದರು. ಆ ಹಣ ಬಡಗಿಗಳಿಗೆ, ಕಲ್ಲುಕುಟಿಗರಿಗೆ, ಮರ ಮತ್ತು ಕಲ್ಲಿಗೆ ಹೋಯಿತು. ಬೆಳ್ಳಿಯ ಪಾತ್ರೆ, ತುತೂರಿ ಮಾಡಿಸಲು ಹೋಗಲಿಲ್ಲ. ಯಾಜಕರಿಗೆ ಸಲ್ಲಬೇಕಾಗಿದ್ದ ಪ್ರಾಯಶ್ಚಿತ್ತದ ಹಣವನ್ನು ಇದರೊಂದಿಗೆ ಬೆರೆಸಲಿಲ್ಲ.

ಇಂದಿನ ಲೆಕ್ಕ ಪರಿಶೋಧಕರು ಹೇಳುವ ಮೂರು ನಿಯಮಗಳು ಇಲ್ಲಿವೆ. ಒಂದು, ಹಣವನ್ನು ಒಬ್ಬರೇ ಎಣಿಸಬಾರದು. ಎರಡು, ಯಾವ ಉದ್ದೇಶಕ್ಕೆ ಬಂತೋ ಅದಕ್ಕೇ ಖರ್ಚಾಗಬೇಕು. ಮೂರು, ಬೇರೆ ಬೇರೆ ಹಣವನ್ನು ಒಂದೇ ಗಂಟಿನಲ್ಲಿ ಕಟ್ಟಬಾರದು. ಕೆಲಸ ಮಾಡಿಸಿದವರು ಪ್ರಾಮಾಣಿಕರಾಗಿದ್ದುದರಿಂದ ಅವರಿಂದ ಲೆಕ್ಕ ಕೇಳಲಿಲ್ಲ ಎಂದೂ ಅದೇ ಅಧ್ಯಾಯ ಹೇಳುತ್ತದೆ. ವಿಶ್ವಾಸ ಇರಲಿ, ಒಳ್ಳೆಯದೇ. ಆದರೆ ಆ ಪ್ರಾಮಾಣಿಕರ ಕಾಲದಲ್ಲೂ ಪೆಟ್ಟಿಗೆಯ ಬಳಿ ಇಬ್ಬರು ನಿಂತಿದ್ದರು ಎಂಬುದನ್ನು ಮರೆಯಬಾರದು.

ಸಂತ ಪೌಲರೂ ಜೆರುಸಲೇಮಿನ ಬಡವರಿಗೆ ಸಂಗ್ರಹಿಸಿದ ಹಣವನ್ನು ಒಬ್ಬರೇ ಒಯ್ಯಲಿಲ್ಲ. ಧರ್ಮಸಭೆಗಳು ಆರಿಸಿದ ಸಹೋದರನೊಬ್ಬನನ್ನು ಜೊತೆಗಿಟ್ಟುಕೊಂಡರು. ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ಸರಿಯಾಗಿರಬೇಕೆಂಬುದು ಅವರ ಕಾಳಜಿಯಾಗಿತ್ತು (2 ಕೊರಿಂಥ 8:20-21). ನನ್ನ ಮನಸ್ಸು ದೇವರಿಗೆ ಗೊತ್ತು, ರಶೀದಿ ಏಕೆ ಎನ್ನುವವರಿಗೆ ಸಂತ ಪೌಲರ ಉತ್ತರ ಇದೇ.

ಒಂದು ಹಣಕ್ಕೆ ಒಂದೇ ದಾರಿ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಪ್ರಯೋಗಾಲಯದ ಉಪಕರಣಗಳಿಗೆಂದು ಶಾಲೆಗೆ 50,000 ರೂಪಾಯಿ ಬಂದಿದೆ. ಉಪಕರಣಗಳಿಗೆ 38,000 ರೂಪಾಯಿ ಸಾಕಾಯಿತು. ಧರ್ಮಕೇಂದ್ರದ ಹಬ್ಬ ಹತ್ತಿರ ಬಂದಿದೆ, ಶಾಲೆಯ ಮುಂಭಾಗಕ್ಕೆ ಸುಣ್ಣ ಬಣ್ಣ ಆಗಬೇಕು. ಉಳಿದ 12,000 ರೂಪಾಯಿಯನ್ನು ಬಣ್ಣಕ್ಕೆ ಬಳಸಿ, ಉಪಕರಣದ ಅಂಗಡಿಯವನಿಂದ 50,000ಕ್ಕೇ ಬಿಲ್ಲು ಬರೆಸಿಕೊಂಡರೆ ಏನು ತಪ್ಪು? ಯಾರೂ ಮನೆಗೆ ಒಯ್ಯಲಿಲ್ಲವಲ್ಲ, ಶಾಲೆಗೇ ಆಯಿತಲ್ಲ?

ಇಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದು, ಕೊಟ್ಟವರ ಉದ್ದೇಶವನ್ನು ಮೀರಿದ್ದು. ಎರಡನೆಯದು, ಸುಳ್ಳು ಬಿಲ್ಲು. ಕೇಂದ್ರ ಸರ್ಕಾರದ ಅನುದಾನಗಳಿಗೆ ಅನ್ವಯಿಸುವ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ಒಮ್ಮೆ ಮಾತ್ರ ನೀಡುವ ಅನುದಾನಕ್ಕೆ ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಹಣ ಬಳಕೆ ಪ್ರಮಾಣಪತ್ರ ಸಲ್ಲಿಸಬೇಕು. ಹಣ ಯಾವುದಕ್ಕೆ ಮಂಜೂರಾಯಿತೋ ಅದಕ್ಕೇ ಖರ್ಚಾಗಿದೆ ಎಂದು ಸಂಸ್ಥೆಯ ಮುಖ್ಯಸ್ಥರು ಅದರಲ್ಲಿ ಸಹಿ ಹಾಕುತ್ತಾರೆ. ಉಳಿದ ಹಣವನ್ನು ತೋರಿಸಬೇಕು. ಬ್ಯಾಂಕಿನಲ್ಲಿ ಅನುದಾನಕ್ಕೆ ಬಂದ ಬಡ್ಡಿಯೂ ಸರ್ಕಾರಕ್ಕೇ ಸೇರಬೇಕು. ಅನುದಾನದಿಂದ ಕೊಂಡ ಸಾಮಾನನ್ನು ಅನುಮತಿಯಿಲ್ಲದೆ ಮಾರುವಂತಿಲ್ಲ.

ಧರ್ಮಸಭೆಯ ಕಾನೂನೂ ಇದನ್ನೇ ಹೇಳುತ್ತದೆ. 1983ರ ಧರ್ಮಸಭಾ ಸಂಹಿತೆಯ 1267ನೇ ಕಟ್ಟಳೆಯಂತೆ, ಒಂದು ಉದ್ದೇಶಕ್ಕಾಗಿ ವಿಶ್ವಾಸಿಗಳು ಕೊಟ್ಟ ಕಾಣಿಕೆಯನ್ನು ಅದೇ ಉದ್ದೇಶಕ್ಕೆ ಬಳಸಬೇಕು. 1284ನೇ ಕಟ್ಟಳೆ ಆಡಳಿತ ನಡೆಸುವವರು ಆದಾಯ ವೆಚ್ಚದ ಪುಸ್ತಕಗಳನ್ನು ಕ್ರಮವಾಗಿಡಬೇಕು, ದೇಶದ ಕಾನೂನನ್ನೂ ಪಾಲಿಸಬೇಕು, ಪ್ರತಿ ವರ್ಷದ ಕೊನೆಗೆ ಲೆಕ್ಕ ತಯಾರಿಸಬೇಕು ಎನ್ನುತ್ತದೆ. ಸಂತ ಅಂತೋಣಿಯವರ ಪೆಟ್ಟಿಗೆಯ ಹಣವನ್ನು ಬೇರೆ ಖರ್ಚಿಗೆ ಮುಟ್ಟಬಾರದು ಎನ್ನುವ ನಾವು ಸರ್ಕಾರದ ಹಣಕ್ಕೆ ಬೇರೆ ನ್ಯಾಯ ಇಟ್ಟುಕೊಳ್ಳಬಹುದೇ?

ಹಾಗಾದರೆ ಉಳಿದ 12,000ಕ್ಕೆ ದಾರಿ ಏನು? ಇಲಾಖೆಗೆ ಪತ್ರ ಬರೆದು ಅನುಮತಿ ಕೇಳುವುದು, ಸಿಗದಿದ್ದರೆ ಹಿಂದಿರುಗಿಸುವುದು. ಬಣ್ಣಕ್ಕೆ ಧರ್ಮಕೇಂದ್ರದ ಜನರೇ ಕೈ ಜೋಡಿಸುವುದು.

ಬಿಸಿಯೂಟದ ಅಕ್ಕಿ

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮಕ್ಕಳ ಊಟದ ಲೆಕ್ಕದಲ್ಲಿ. ಕೇಂದ್ರದ ನಿಯಮದಂತೆ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟನೇ ತರಗತಿಯ ಮಗುವಿಗೆ 150 ಗ್ರಾಂ ಧಾನ್ಯ. ಈಗ ಲೆಕ್ಕ ಹಾಕಿ ನೋಡಿ. ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ 104 ಮಕ್ಕಳು ಉಂಡ ದಿನ ಪುಸ್ತಕದಲ್ಲಿ 120 ಎಂದು ಬರೆದರೆ, 16 ಮಕ್ಕಳ ಹೆಸರಿನಲ್ಲಿ 1.6 ಕಿಲೋ ಅಕ್ಕಿ ಇಲ್ಲದ ಹೊಟ್ಟೆಗೆ ಹೋಯಿತು. 200 ದಿನಗಳಲ್ಲಿ ಅದು 320 ಕಿಲೋ. ಒಂದು ದಿನದ ಸಣ್ಣ ಸುಳ್ಳು ವರ್ಷದ ಕೊನೆಗೆ ಮೂಟೆ ಮೂಟೆಯಾಗುತ್ತದೆ.

ಇದನ್ನು ತಡೆಯುವ ವಿಧಾನ ಕಷ್ಟದ್ದೇನಲ್ಲ. ಹಿಂದಿನ ಉಳಿಕೆಗೆ ಹೊಸದಾಗಿ ಬಂದದ್ದನ್ನು ಕೂಡಿಸಿ, ಬಳಸಿದ್ದನ್ನು ಕಳೆದರೆ ಇಂದಿನ ಉಳಿಕೆ ಸಿಗಬೇಕು. ದಾಸ್ತಾನು ಪುಸ್ತಕದ ಆ ಅಂಕಿಗೂ ಕೋಣೆಯಲ್ಲಿರುವ ಮೂಟೆಗಳ ತೂಕಕ್ಕೂ ಹೊಂದಬೇಕು. ಊಟದ ಸಂಖ್ಯೆಯನ್ನು ಆ ದಿನದ ತರಗತಿ ಹಾಜರಿಯೊಂದಿಗೆ ತಾಳೆ ನೋಡಬೇಕು. ತಿಂಗಳಿಗೊಮ್ಮೆ ಇಬ್ಬರು ತಾಯಂದಿರು ಹೋಗಿ ನೋಡಿದರೂ ಸಾಕು.

2015ರ ಮಧ್ಯಾಹ್ನ ಉಪಾಹಾರ ನಿಯಮಗಳಲ್ಲಿ ಒಂದು ಸುಂದರ ಅಂಶವಿದೆ. ಧಾನ್ಯ ಅಥವಾ ಹಣ ಬರುವುದು ತಡವಾದರೆ, ಊಟ ನಿಲ್ಲದಂತೆ ಶಾಲೆಯಲ್ಲಿರುವ ಬೇರೆ ಹಣವನ್ನು ಬಳಸಲು ಮುಖ್ಯ ಶಿಕ್ಷಕರಿಗೆ ಅಧಿಕಾರವಿದೆ. ಊಟದ ಹಣ ಬಂದೊಡನೆ ಅದನ್ನು ಶಾಲೆಯ ಖಾತೆಗೆ ತುಂಬಿಸಬೇಕು. ಹಸಿದ ಮಗುವಿನ ಕಡೆಗೆ ಹಣ ಹರಿಯಬಹುದು. ಮಗುವಿನ ತಟ್ಟೆಯಿಂದ ಬೇರೆಡೆಗೆ ಹರಿಯುವಂತಿಲ್ಲ.

ಸಂಬಳದ ಸಹಿ

ಅನುದಾನಿತ ಶಾಲೆಗೆ ಬರುವ ದೊಡ್ಡ ಮೊತ್ತ ಶಿಕ್ಷಕರ ವೇತನ. ಇದರಲ್ಲಿ ನಿಯಮ ಒಂದೇ: ಸಹಿ ಹಾಕಿದ ಮೊತ್ತ ಮತ್ತು ಕೈಗೆ ಸಿಕ್ಕಿದ ಮೊತ್ತ ಒಂದೇ ಆಗಿರಬೇಕು. ಸಂಬಳದ ಒಂದು ಪಾಲನ್ನು ಆಡಳಿತಕ್ಕೆ ಹಿಂದೆ ಕೊಡುವಂತೆ ಶಿಕ್ಷಕಿಯನ್ನು ಒತ್ತಾಯಿಸಿದರೆ, ಅದಕ್ಕೆ ದಾನ ಎಂಬ ಹೆಸರಿಟ್ಟರೂ ಅನ್ಯಾಯವೇ. ನೌಕರರಿಗೆ ನ್ಯಾಯವಾದ ವೇತನ ಕೊಡಬೇಕೆಂದು 1286ನೇ ಕಟ್ಟಳೆ ಆಜ್ಞಾಪಿಸುತ್ತದೆ.

ನಮ್ಮ ಗುರುಗಳು ಮತ್ತು ಕನ್ಯಾಸ್ತ್ರೀಯರ ವೇತನದ ವಿಷಯ ಬಹುಕಾಲ ನ್ಯಾಯಾಲಯದಲ್ಲಿತ್ತು. ಬಡತನದ ವ್ರತ ಸ್ವೀಕರಿಸಿದ ಅವರು ವೇತನವನ್ನು ತಮ್ಮ ಸಭೆಗೆ ಒಪ್ಪಿಸುತ್ತಾರೆ, ಆದ್ದರಿಂದ ಮೂಲದಲ್ಲೇ ತೆರಿಗೆ ಕಡಿತ ಮಾಡಬಾರದು ಎಂಬುದು ತಮಿಳುನಾಡು ಮತ್ತು ಕೇರಳದ ಸಂಸ್ಥೆಗಳ ವಾದವಾಗಿತ್ತು. 2024ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯ ಆ ಮೇಲ್ಮನವಿಗಳನ್ನು ತಳ್ಳಿಹಾಕಿತು. ವೇತನ ವ್ಯಕ್ತಿಯ ಹೆಸರಿಗೆ ಬರುತ್ತದೆ, ಅನಂತರ ಅದನ್ನು ಯಾರಿಗೆ ಕೊಟ್ಟರೂ ತೆರಿಗೆ ತಪ್ಪದು ಎಂಬುದು ಅದರ ಸಾರ. ಇದರಿಂದ ವ್ರತದ ಬೆಲೆ ಕಡಿಮೆಯಾಗಲಿಲ್ಲ. ಸೀಸರನದನ್ನು ಸೀಸರನಿಗೆ ಸಲ್ಲಿಸಿದ ಮೇಲೆ ಉಳಿದದ್ದನ್ನು ದೇವರಿಗೆ ಸಲ್ಲಿಸುವ ಸ್ವಾತಂತ್ರ್ಯ ಅವರಿಗೆ ಇದ್ದೇ ಇದೆ.

ಬೇರೆ ದೇಶದಲ್ಲಿಯೂ ಇದೇ ಪ್ರಶ್ನೆ

ಅಮೆರಿಕದಲ್ಲಿ ಚಾರ್ಟರ್ ಶಾಲೆಗಳೆಂಬ ವ್ಯವಸ್ಥೆಯಿದೆ. ಸರ್ಕಾರದ ಹಣ, ಸ್ವತಂತ್ರ ಆಡಳಿತ. ಇದಕ್ಕೆ ಮೊದಲ ಕಾಯಿದೆ 1991ರಲ್ಲಿ ಮಿನ್ನೆಸೋಟ ರಾಜ್ಯದಲ್ಲಿ ಬಂತು. ಅಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೇಂದ್ರದ ಅನುದಾನ ಖರ್ಚು ಮಾಡುವ ಸಂಸ್ಥೆ ವಿಶೇಷ ಲೆಕ್ಕ ಪರಿಶೋಧನೆಗೆ ಒಳಗಾಗಬೇಕು. 2024ರ ಅಕ್ಟೋಬರಿಗೆ ಮೊದಲು ಆರಂಭವಾದ ಲೆಕ್ಕದ ವರ್ಷಗಳಿಗೆ ಈ ಮಿತಿ 7,50,000 ಡಾಲರ್ ಆಗಿತ್ತು. ಒಕ್ಲಹೋಮದಲ್ಲಿ ಕಥೋಲಿಕ ಧರ್ಮಕ್ಷೇತ್ರಗಳು ಸಂತ ಇಸಿದೋರರ ಹೆಸರಿನಲ್ಲಿ ಇಂತಹ ಶಾಲೆ ತೆರೆಯಲು 2023ರಲ್ಲಿ ಒಪ್ಪಿಗೆ ಪಡೆದವು. 2024ರಲ್ಲಿ ರಾಜ್ಯದ ನ್ಯಾಯಾಲಯ ಅದನ್ನು ರದ್ದುಮಾಡಿತು. 2025ರ ಮೇ 22ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳು 4-4 ಆಗಿ ಸಮವಾಗಿ ಹಂಚಿಹೋದ ಕಾರಣ ರಾಜ್ಯದ ತೀರ್ಪೇ ಉಳಿಯಿತು. ಅಲ್ಲಿ ಕಥೋಲಿಕ ಶಾಲೆಗೆ ಹೀಗೆ ಬಾಗಿಲು ಮುಚ್ಚಿದ ಅನುದಾನ ನಮಗೆ ಇಲ್ಲಿ ಸಂವಿಧಾನದ ನೆರಳಿನಲ್ಲಿ ದೊರೆಯುತ್ತಿದೆ. ಅದನ್ನು ಕಾಪಾಡಿಕೊಳ್ಳುವುದು ಶುದ್ಧ ಲೆಕ್ಕದಿಂದಲೇ.

ತಪ್ಪು ಆಗಿಹೋಗಿದ್ದರೆ?

ನಮ್ಮ ಓದುಗರಲ್ಲಿ ಯಾರಾದರೂ ಗುಮಾಸ್ತರಾಗಿರಬಹುದು. ಮೇಲಿನವರು ಹೇಳಿದರೆಂದು ಸುಳ್ಳು ಅಂಕಿಗೆ ಸಹಿ ಹಾಕಿ, ರಾತ್ರಿ ನಿದ್ದೆ ಬಾರದೆ ಹೊರಳಾಡಿರಬಹುದು. ಮನೆ, ಮಕ್ಕಳು, ಕೆಲಸ ಹೋದರೆ ಗತಿಯೇನು ಎಂಬ ಭಯ ಸಣ್ಣದಲ್ಲ. ಆದರೂ ಮನಸ್ಸಾಕ್ಷಿಯ ಮಾತನ್ನು ಒತ್ತಿಡಬೇಡಿ. ಮುಂದಿನ ಸುಳ್ಳು ಸಹಿಗೆ ವಿನಯದಿಂದ ಇಲ್ಲ ಎನ್ನಿ. ಆಗದ್ದನ್ನು ಬರವಣಿಗೆಯಲ್ಲಿ ತಿಳಿಸಿ. ಕೇಳುವವರಿಲ್ಲದಿದ್ದರೆ ಧರ್ಮಕ್ಷೇತ್ರದ ಶಿಕ್ಷಣ ಮಂಡಳಿಯ ಗಮನಕ್ಕೆ ತನ್ನಿ.

ಬಿಲ್ಲು, ಚೆಕ್ಕುಗಳ ನಕಲು, ಅತಿಯಾದ ಖರ್ಚು ಮತ್ತು ಪೋಲು ಏಳನೆಯ ಆಜ್ಞೆಗೆ ವಿರುದ್ಧವೆಂದು ಕಥೋಲಿಕ ಧರ್ಮೋಪದೇಶ ಗ್ರಂಥ (2409) ಹೇಳುತ್ತದೆ. ಅನ್ಯಾಯವಾಗಿ ಪಡೆದದ್ದನ್ನು ಹಿಂದಿರುಗಿಸಬೇಕೆಂದೂ (2412) ಅದು ಕಲಿಸುತ್ತದೆ. ಪಾಪನಿವೇದನೆ ಮಾಡಿದ ಮಾತ್ರಕ್ಕೆ ದಾಸ್ತಾನು ಕೋಣೆಯ ಅಕ್ಕಿ ತುಂಬುವುದಿಲ್ಲ. ಜಕ್ಕಾಯನ ಮನೆಗೆ ರಕ್ಷಣೆ ಬಂದ ದಿನ ಅವನು ವಂಚಿಸಿದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವ ಮಾತನ್ನಾಡಿದ್ದನು.

ಕುಟುಂಬದಲ್ಲಿ ಚಿಂತನೆಗೆ

1. ಅಂಗಡಿಗೆ ಕಳುಹಿಸಿದ ಮಗು ಚಿಲ್ಲರೆ ತಂದಾಗ ನಾವು ಲೆಕ್ಕ ಕೇಳುತ್ತೇವೆಯೇ? ನಾವು ಮಗುವಿಗೆ ಲೆಕ್ಕ ಹೇಳುತ್ತೇವೆಯೇ?

2. ನಮ್ಮ ಮಕ್ಕಳ ಶಾಲೆಯ ಪೋಷಕರ ಸಭೆಗೆ ಹೋಗಿ ಊಟದ ಪುಸ್ತಕ, ಅನುದಾನದ ವಿವರ ತೋರಿಸಿರೆಂದು ಗೌರವದಿಂದ ಕೇಳಿದ್ದೇವೆಯೇ?

3. ಸರಿಯಾಗಿ ಲೆಕ್ಕ ಇಡುವ ಸಿಸ್ಟರ್ ಅವರಿಗೋ ಗುಮಾಸ್ತರಿಗೋ ಎಂದಾದರೂ ಒಂದು ಕೃತಜ್ಞತೆಯ ಮಾತು ಹೇಳಿದ್ದೇವೆಯೇ?

ಪ್ರಾರ್ಥನೆ: ಪ್ರಭುವೇ, ನಮ್ಮದಲ್ಲದ ಹಣ ನಮ್ಮ ಕೈಯಲ್ಲಿರುವಾಗ ನಮ್ಮ ಕೈಯನ್ನು ಶುದ್ಧವಾಗಿಡು. ಹಸಿದ ಮಗುವಿನ ಪಾಲು ಮಗುವಿಗೇ ಮುಟ್ಟಲಿ. ನೀನು ಲೆಕ್ಕ ಕೇಳುವ ದಿನ ಪುಸ್ತಕವನ್ನು ತೆರೆದು ತೋರಿಸುವ ಧೈರ್ಯ ನಮಗಿರಲಿ. ಆಮೆನ್.