ನಾಯಿ, ಹದಿಹರೆಯ, ಕಡಲು: ಕೋಲಾರ ಸೀಮೆಯಿಂದ ಹೊರಡುವವರಿಗೆ ಹನ್ನೆರಡು ಸೂತ್ರ

ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಕಡಲು ಎಂದರೆ ಬಹುಕಾಲ ದೇವಸ್ಥಾನದ ಪ್ರವಾಸಕ್ಕೆ ಅಂಟಿಕೊಂಡು ಬರುತ್ತಿದ್ದ ಅರ್ಧ ದಿನ. ಮುರುಡೇಶ್ವರದಲ್ಲಿ ಪ್ಯಾಂಟು ಮಡಚಿ ಅಲೆಗೆ ಕಾಲೊಡ್ಡಿ, ಒಂದು ಫೋಟೊ ತೆಗೆಸಿಕೊಂಡು ಬಸ್ ಹತ್ತುವುದು. ಈಗ ಕಾರಿದೆ. ಹಿಂದಿನ ಸೀಟಿನಲ್ಲಿ ಹತ್ತನೇ ಕ್ಲಾಸಿನ ಮಗಳು, ಪಿಯುಸಿ ಮಗ, ಇಬ್ಬರ ನಡುವೆ ನಾಲಿಗೆ ಚಾಚಿದ ಲ್ಯಾಬ್ರಡಾರ್. ಮೂವರನ್ನೂ ಒಪ್ಪಿಸುವ ತೀರ ಸಿಗುತ್ತದೆ, ಹುಡುಕುವ ಕ್ರಮ ಸ್ವಲ್ಪ ತಲೆಕೆಳಗಾಗಬೇಕು ಅಷ್ಟೆ.

1. ಮೊದಲು ಕೋಣೆ, ಆಮೇಲೆ ಕಡಲು. ಗೋಕರ್ಣವೋ ಮಹಾಬಲಿಪುರವೋ ಎಂದು ಜಗಳವಾಡಿ, ಊರು ಗೊತ್ತುಮಾಡಿ, ಕೊನೆಗೆ ನಾಯಿ ಸೇರಿಸುವ ಜಾಗ ಹುಡುಕುವುದು ರೂಢಿ. ನಾಯಿ ಜೊತೆಗಿದ್ದರೆ ಇದು ಕೆಲಸಕ್ಕೆ ಬಾರದು. ‘ಪೆಟ್ ಫ್ರೆಂಡ್ಲಿ’ ಎಂಬ ಬೋರ್ಡನ್ನೂ ನಂಬಬೇಡಿ, ಫೋನ್ ಮಾಡಿ. ನಾಯಿ ನಮ್ಮ ಕೋಣೆಯಲ್ಲೇ ಮಲಗಬಹುದೋ, ಹಿತ್ತಲಿನ ಗೂಡಿಗೆ ಕಟ್ಟಬೇಕೋ? ತೂಕದ ಮಿತಿ ಇದೆಯೇ? ಇಪ್ಪತ್ತು ಕಿಲೋ ದಾಟಿದರೆ ಬೇಡ ಎನ್ನುವವರೂ ಉಂಟು. ರಾತ್ರಿಗೆ ಎಷ್ಟು ಹೆಚ್ಚುವರಿ? ಸುತ್ತ ಕಾಂಪೌಂಡು ಗಟ್ಟಿಯಾಗಿದೆಯೇ? ಮಾಲೀಕರದೇ ನಾಯಿ ಇದೆಯೇ, ಅದು ಗಂಡೋ ಹೆಣ್ಣೋ? ಕರೆಂಟು ಹೋದರೆ ಜನರೇಟರ್ ಉಂಟೇ? “ಬನ್ನಿ ಸಾರ್, ಅಡ್ಜಸ್ಟ್ ಮಾಡೋಣ” ಎಂಬ ಉತ್ತರ ಬಂದರೆ ಅಲ್ಲಿಗೆ ಹೋಗಬೇಡಿ. ಒಪ್ಪಿದವರ ಮಾತನ್ನು ವಾಟ್ಸ್‌ಆಪ್‌ನಲ್ಲಿ ಬರೆಸಿಕೊಳ್ಳಿ, ಫೋನಿನಲ್ಲಿ ಮಾತಾಡಿದ ಮ್ಯಾನೇಜರು ನೀವು ಹೋದ ದಿನ ರಜೆಯಲ್ಲಿರುತ್ತಾರೆ.

2. ನೀಲಿ ಬಾವುಟ ಕಂಡರೆ ಮುಂದೆ ಹೋಗಿ. ಶುಚಿ, ಸುರಕ್ಷತೆಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ನಮ್ಮ ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ 2020ರಲ್ಲಿ ಸಿಕ್ಕಿತು. ತಮಿಳುನಾಡಿನ ಕೋವಳಂ, ಪುದುಚೇರಿಯ ಈಡನ್ ಬೀಚುಗಳಿಗೆ 2021ರಲ್ಲಿ ಬಂತು. ಹುಡುಕಿದ ಕೂಡಲೇ ಇವೇ ಮೇಲೆ ಬರುತ್ತವೆ. ಆದರೆ ಆ ಮಾನ್ಯತೆಯ ಷರತ್ತುಗಳಲ್ಲೇ ನಾಯಿ ಮತ್ತಿತರ ಸಾಕುಪ್ರಾಣಿಗಳ ಮೇಲೆ ಬಿಗಿ ನಿಯಂತ್ರಣವಿದೆ. ಸಮಾಧಾನದ ಸಂಗತಿ ಏನೆಂದರೆ ಬಾವುಟ ಇರುವುದು ಗುರುತು ಹಾಕಿದ ಒಂದು ತುಂಡಿಗೆ ಮಾತ್ರ. ಅದೇ ಮರಳು ಒಂದೆರಡು ಕಿಲೋಮೀಟರ್ ಆಚೆ ಟಿಕೆಟ್ಟಿಲ್ಲದೆ, ಬೆಂಚಿಲ್ಲದೆ, ಕಾವಲುಗಾರನ ಸೀಟಿಯಿಲ್ಲದೆ ಮುಂದುವರಿಯುತ್ತದೆ. ನಾಯಿಗೆಂದೇ ಮೀಸಲಾದ ಬೀಚು ನಮ್ಮ ಕರಾವಳಿಯಲ್ಲಿ ಹುಡುಕಬೇಡಿ. ಹೆಸರಿಲ್ಲದ, ಅಂಗಡಿಯಿಲ್ಲದ ಮೀನುಗಾರರ ಕರೆಯೇ ನಾಯಿಯ ಬೀಚು.

3. ಯಾವ ದಿಕ್ಕಿನ ಕಡಲು? ಮುಳಬಾಗಿಲಿನಲ್ಲಿ ಹಾಯುವ 69ನೇ ರಾಷ್ಟ್ರೀಯ ಹೆದ್ದಾರಿಯ ಒಂದು ತುದಿ ಚಿತ್ತೂರು, ಇನ್ನೊಂದು ತುದಿ ಹೊನ್ನಾವರ. ಕೋಲಾರದ ಮೇಲೆ ಹೋಗುವ 75ನೇ ಹೆದ್ದಾರಿ ಪಶ್ಚಿಮಕ್ಕೆ ಶಿರಾಡಿ ಘಾಟಿ ಇಳಿದು ಬಂಟ್ವಾಳ ಮುಟ್ಟುತ್ತದೆ, ಪೂರ್ವಕ್ಕೆ ವೆಲ್ಲೂರು. ಎರಡು ಸಮುದ್ರಕ್ಕೂ ದಾರಿ ಮನೆ ಮುಂದೆಯೇ ಇದ್ದರೂ ನಾವು ಪ್ರವಾಸ ಎಂದಕೂಡಲೇ ಬೆಂಗಳೂರಿನ ಕಡೆ ತಿರುಗುತ್ತೇವೆ. ಕೋಲಾರದಿಂದ ಮಹಾಬಲಿಪುರ ಮುನ್ನೂರು ಕಿ.ಮೀ. ಒಳಗೆ; ಮಂಗಳೂರು ನಾನೂರು ದಾಟುತ್ತದೆ, ಜೊತೆಗೆ ಬೆಂಗಳೂರಿನ ಟ್ರಾಫಿಕ್ಕು, ಘಾಟಿಯ ತಿರುವು. ಕಾರಿನಲ್ಲಿ ಕಕ್ಕುವ ನಾಯಿಗೆ ಘಾಟಿ ಶಿಕ್ಷೆ. ಮನೆಯಲ್ಲಿ ತೆಲುಗು, ತಮಿಳು ಎರಡೂ ಓಡಾಡುವ ನಮ್ಮ ಜಿಲ್ಲೆಯವರಿಗೆ ಪೂರ್ವದ ದಾರಿಯಲ್ಲಿ ಭಾಷೆಯ ತೊಡಕೂ ಇಲ್ಲ.

ಆದರೆ ತೀರ ಚೆಂದ ಪಶ್ಚಿಮದಲ್ಲೇ, ಅದನ್ನು ಒಪ್ಪಲೇಬೇಕು. ಹೆಜಮಾಡಿ, ಮಟ್ಟು, ಒಂದು ಪಕ್ಕ ಕಡಲು ಇನ್ನೊಂದು ಪಕ್ಕ ಸುವರ್ಣಾ ನದಿ ಇರುವ ಕೋಡಿ ಬೆಂಗ್ರೆ ಇಂಥವು ನಾಯಿಗೂ ಮಕ್ಕಳಿಗೂ ಹೇಳಿ ಮಾಡಿಸಿದಂತಿವೆ. ನಾಲ್ಕು ದಿನ ರಜೆ ಇದ್ದರೆ ಪಶ್ಚಿಮ, ಎರಡೇ ದಿನವಾದರೆ ಪೂರ್ವ. ಪೂರ್ವದಲ್ಲಿ ಮಹಾಬಲಿಪುರದಿಂದ ದಕ್ಷಿಣಕ್ಕೆ, ಕಲ್ಪಾಕ್ಕಂ ಅಣುಸ್ಥಾವರದ ವಲಯ ದಾಟಿ, ಮರಕ್ಕಾಣಂವರೆಗಿನ ಹಳ್ಳಿಗಳನ್ನು ನೋಡಿ.

4. ಮರಳು ಇದೆಯೇ ಎಂದು ಕೇಳಿ. ನಗೆಯ ಪ್ರಶ್ನೆಯಲ್ಲ. ಪುದುಚೇರಿಯ ಹೆಸರುವಾಸಿ ಕಡಲ ರಸ್ತೆಯ ಉದ್ದಕ್ಕೂ ಹೆಚ್ಚಿನ ಕಡೆ ಇರುವುದು ಕಪ್ಪು ಬಂಡೆ. ಬಂದರಿನ ಗೋಡೆ ಬಂದ ಮೇಲೆ ಅಲ್ಲಿನ ಮರಳು ಕೊಚ್ಚಿಹೋಯಿತು. ಉಳ್ಳಾಲ, ಮರವಂತೆಯ ಕೆಲವು ಭಾಗಗಳಲ್ಲೂ ಕಡಲ್ಕೊರೆತಕ್ಕೆ ಸುರಿದ ಕಲ್ಲುಗಳೇ ಇವೆ. ನಾಯಿಯ ಕಾಲು ಆ ಸಂದಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೋಣೆಯ ಮಾಲೀಕರಿಂದ ಆ ವಾರ ತೆಗೆದ ಫೋಟೊ ತರಿಸಿಕೊಳ್ಳಿ.

5. ಕ್ಯಾಲೆಂಡರಿನಲ್ಲಿ ಎರಡು ಮಳೆಗಾಲ ಗುರುತು ಹಾಕಿ. ಪಶ್ಚಿಮಕ್ಕೆ ಜೂನ್‌ನಿಂದ ಸೆಪ್ಟೆಂಬರ್, ಪೂರ್ವಕ್ಕೆ ಅಕ್ಟೋಬರ್‌ನಿಂದ ಡಿಸೆಂಬರ್. ಮೇ ತಿಂಗಳಲ್ಲಿ ರಜೆಯೇನೋ ಇದೆ, ಆದರೆ ಪೂರ್ವ ಕರಾವಳಿಗೆ ಅದು ಅಗ್ನಿನಕ್ಷತ್ರದ ಕಾಲ. ಸಮುದ್ರಮಟ್ಟದಿಂದ ಎಂಟುನೂರು ಮೀಟರ್ ಮೇಲೆ, ಒಣ ಗಾಳಿಯಲ್ಲಿ ಬೆಳೆದ ನಮ್ಮ ನಾಯಿಗಳು ಸೆಕೆಗೆ ಒಗ್ಗಿದವಲ್ಲ. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ, ನಾಲಿಗೆಯ ತೇವ ಆರುವುದರಿಂದ. ಗಾಳಿಯೇ ತೇವವಾಗಿದ್ದರೆ ಎಷ್ಟು ಏದುಸಿರು ಬಿಟ್ಟರೂ ಮೈ ತಣಿಯದು. ಪಗ್, ಶಿಟ್ಜುವಿನಂಥ ಚಪ್ಪಟೆ ಮೂತಿಯವನ್ನು ಮೇ ತಿಂಗಳಲ್ಲಿ ಒಯ್ಯುವುದು ಬೇಡವೇ ಬೇಡ. ಶ್ರೀನಿವಾಸಪುರದ ಮಾವಿನ ಮನೆಗಳವರಿಗೆ ಹೇಗೂ ಮೇ, ಜೂನ್ ಮಂಡಿಯಲ್ಲೇ ಕಳೆಯುತ್ತದೆ. ಪಶ್ಚಿಮಕ್ಕೆ ದೀಪಾವಳಿಯ ನಂತರದ ವಾರಗಳು, ಪೂರ್ವಕ್ಕೆ ಗಣರಾಜ್ಯೋತ್ಸವದ ರಜೆ ಚೆನ್ನ. ಸಂಕ್ರಾಂತಿ ಸುತ್ತಮುತ್ತ ಮಾತ್ರ ಪೂರ್ವಕ್ಕೆ ಹೋಗಬೇಡಿ. ಕಾಣುಂ ಪೊಂಗಲ್ ದಿನ ಚೆನ್ನೈ, ಮಹಾಬಲಿಪುರದ ತೀರದಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

6. ನಾಯಿಯ ಗಡಿಯಾರ ಬೇರೆ, ಮಕ್ಕಳದು ಬೇರೆ. ನಾಯಿಗೆ ತೀರ ಬೇಕಾಗುವುದು ಬೆಳಗ್ಗೆ ಆರಕ್ಕೆ. ಹದಿನಾರರ ಹುಡುಗ ಏಳುವುದು ಹತ್ತಕ್ಕೆ, ಅಷ್ಟು ಹೊತ್ತಿಗೆ ಮರಳು ಕಾದಿರುತ್ತದೆ. ಅಂಗೈಯ ಹಿಂಭಾಗವನ್ನು ಮರಳಿಗೆ ಒತ್ತಿ ಐದಾರು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ. ಹೀಗಾಗಿ ಕೋಣೆಯಿಂದ ತೀರಕ್ಕೆ ಕಾರು ಬೇಕಿರಬಾರದು. ನಡೆದು ಐದು ನಿಮಿಷ, ಅಷ್ಟೆ. ಬೆಳಗಿನ ಪಾಳಿ ಅಪ್ಪ ಅಮ್ಮನದು, ಸಂಜೆಯದು ಮಕ್ಕಳದು ಎಂದು ಮನೆಯಲ್ಲೇ ಹಂಚಿಕೊಂಡು ಹೊರಡಿ. ಅಲ್ಲಿ ಹೋಗಿ ಹಂಚಿದರೆ ಎಲ್ಲ ಪಾಳಿಯೂ ಅಮ್ಮನಿಗೇ ಬರುತ್ತದೆ.

7. ಮಕ್ಕಳಿಗೆ ನಾಯಿಯಲ್ಲದ ಒಂದು ಕೆಲಸ ಇರಲಿ. ಕಡಲು ನೋಡಿ ಸಂತೋಷಪಡುವ ವಯಸ್ಸಲ್ಲ ಅದು, ಏನಾದರೂ ಮಾಡಬೇಕು. ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಇದೆ, ತಮಿಳುನಾಡಿನ ಕೋವಳಂನಲ್ಲಿ ಮೀನುಗಾರ ಕುಟುಂಬದ ಮೂರ್ತಿ ಮೇಘವನ್ ಕಟ್ಟಿದ ಸರ್ಫಿಂಗ್ ಶಾಲೆ ಇದೆ. ಅಲೆಯ ಮೇಲೆ ಹಲಗೆ ಹತ್ತಿ ಹತ್ತು ಸಲ ಬಿದ್ದ ಮಗ ಆ ದಿನ ಮೊಬೈಲು ಕೇಳುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಚೆನ್ನೈ ತೀರಕ್ಕೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. 1988ರಲ್ಲಿ ಶುರುವಾದ ಸ್ಟೂಡೆಂಟ್ಸ್ ಸೀ ಟರ್ಟಲ್ ಕನ್ಸರ್ವೇಶನ್ ನೆಟ್‌ವರ್ಕ್ ವಾರಾಂತ್ಯದ ರಾತ್ರಿಗಳಲ್ಲಿ ಸಾರ್ವಜನಿಕರನ್ನೂ ಕರೆದುಕೊಂಡು ಗೂಡು ಹುಡುಕುತ್ತಾ ನಡೆಯುತ್ತದೆ. ಮಗಳನ್ನು ಕಳಿಸಿ, ನಾಯಿಯನ್ನು ಕೋಣೆಯಲ್ಲಿ ಬಿಡಿ. ಆಮೆಯ ಗೂಡು ಕೆದಕುವುದರಲ್ಲಿ ನಾಯಿಗಳದು ಕೆಟ್ಟ ಹೆಸರು. ಆ ತಿಂಗಳುಗಳಲ್ಲಿ ಕತ್ತಲಾದ ಮೇಲೆ ಯಾವ ತೀರದಲ್ಲೂ ಚೈನು ಬಿಚ್ಚಬೇಡಿ.

8. ದಾರಿ ಲೆಕ್ಕ. ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ಊಟ ಮುಗಿಸಿ, ಎರಡು ಗಂಟೆಗೊಮ್ಮೆ ನಿಲ್ಲಿಸಿ. ಹೊಸಕೋಟೆಯಿಂದ ಮಾಲೂರಿನ ಬಳಿ ಹಾದು ಬೇತಮಂಗಲದತ್ತ ಹೋಗುವ ಹೊಸ ಎಕ್ಸ್‌ಪ್ರೆಸ್‌ವೇ ವೇಗವಾಗಿದೆ, ನೆರಳು ಕಡಿಮೆ, ನೀರು ಮೊದಲೇ ತುಂಬಿಕೊಳ್ಳಿ. ಬಾಡಿಗೆ ಇನ್ನೋವಾ ಆದರೆ ನಾಯಿ ಬರುತ್ತದೆಂದು ಡ್ರೈವರಣ್ಣನಿಗೆ ಹಿಂದಿನ ದಿನವೇ ಹೇಳಿ, ಸೀಟಿಗೆ ಹಳೇ ಬೆಡ್‌ಶೀಟ್ ಹಾಸಿ. ರೈಲಿನಲ್ಲಿ ಎ.ಸಿ. ಫಸ್ಟ್ ಕ್ಲಾಸಿನ ಕೂಪೆಯೋ ಕ್ಯಾಬಿನ್ನೋ ಪೂರ್ತಿ ನಿಮ್ಮ ಹೆಸರಿಗಿದ್ದರೆ ಮಾತ್ರ ನಾಯಿ ಜೊತೆಗೆ ಬರುತ್ತದೆ, ಇಲ್ಲವಾದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆ. ಅಳ್ಳೆದೆಯ ನಾಯಿಗೆ ಆ ಪೆಟ್ಟಿಗೆ ಬೇಡ.

9. ತಾಲ್ಲೂಕು ಪಶು ಆಸ್ಪತ್ರೆಗೆ ತಿಂಗಳ ಮೊದಲೇ ಹೋಗಿ. ರೇಬೀಸ್ ಲಸಿಕೆಯ ಕಾರ್ಡು ಹೊಸದಾಗಿರಲಿ, ಕೋಣೆಯವರೂ ರೈಲಿನವರೂ ಕೇಳುವುದು ಅದನ್ನೇ. ಇಲಿಜ್ವರ ಎನ್ನುವ ಲೆಪ್ಟೊಸ್ಪೈರೋಸಿಸ್ ಕರಾವಳಿಯಲ್ಲಿ ಸಾಮಾನ್ಯ, ಅದರ ಲಸಿಕೆ ಆಗಿದೆಯೇ ಕೇಳಿ. ಉಣ್ಣೆಗೆ ಔಷಧಿ, ಕಕ್ಕುವ ನಾಯಿಗೆ ಮಾತ್ರೆ ಎರಡನ್ನೂ ಡಾಕ್ಟರ ಕೈಯಿಂದಲೇ ತೆಗೆದುಕೊಳ್ಳಿ, ಮನುಷ್ಯರ ಮಾತ್ರೆ ಮುರಿದು ಹಾಕಬೇಡಿ. ಹೋಗುವ ಊರಿನ ದೊಡ್ಡ ಆಸ್ಪತ್ರೆ ಯಾವುದೆಂದು ಬರೆದಿಟ್ಟುಕೊಳ್ಳಿ: ಚೆನ್ನೈ ಕಡೆ 1903ರಲ್ಲಿ ಶುರುವಾದ ಮದ್ರಾಸ್ ಪಶುವೈದ್ಯ ಕಾಲೇಜು ವೇಪೇರಿಯಲ್ಲಿದೆ, ಪುದುಚೇರಿಯಲ್ಲಿ ಕುರುಂಬಪೇಟೆಯ ರಾಜೀವ್ ಗಾಂಧಿ ಪಶುವೈದ್ಯ ಸಂಸ್ಥೆ. ಮುದ್ದೆ ತಿಂದು ಬೆಳೆದ ನಾಯಿಯಾದರೆ ರಾಗಿ ಹಿಟ್ಟನ್ನೂ ಕಟ್ಟಿಕೊಳ್ಳಿ. ಹೊಸ ಊರು, ಹೊಸ ಊಟ ಎರಡೂ ಒಂದೇ ದಿನ ಆದರೆ ಹೊಟ್ಟೆ ಕೆಡುತ್ತದೆ.

10. ತೀರದಲ್ಲಿ ನಾಯಿಯ ಬಾಯಿ ಕಾಯಿರಿ. ಅಲೆಗಿಂತ ಹೆಚ್ಚು ಅಪಾಯ ಮರಳಿನ ಮೇಲೇ ಬಿದ್ದಿರುತ್ತದೆ. ಬಲೆ ಬಿಡಿಸುವಾಗ ಮೀನುಗಾರರು ಬಿಸಾಕುವ, ಚೆಂಡಿನಂತೆ ಉಬ್ಬುವ ಪಫರ್ ಮೀನಿನ ವಿಷ ನಾಯಿಯನ್ನು ಕೊಲ್ಲಬಲ್ಲದು. ಜೆಲ್ಲಿ ಮೀನು ಸತ್ತು ಬಿದ್ದಿದ್ದರೂ ಕುಟುಕುತ್ತದೆ. ಗಾಳ, ಬಲೆಯ ತುಂಡುಗಳಿರುತ್ತವೆ. ಉಪ್ಪುನೀರು ಕುಡಿದರೆ ವಾಂತಿ, ಭೇದಿ; ತುಂಬ ಕುಡಿದರೆ ಜೀವಕ್ಕೇ ಸಂಚಕಾರ. ಹತ್ತು ನಿಮಿಷಕ್ಕೊಮ್ಮೆ ಸಿಹಿನೀರು ಕುಡಿಸಿ. ಮುಧೋಳದ ನಾಯಿಯಿದ್ದರೆ ಚೈನು ಬಿಡುವ ಮಾತೇ ಇಲ್ಲ, ಓಡುವ ಏಡಿ ಕಂಡರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಬೀಚಿನ ಬೀದಿನಾಯಿಗಳಿಗೆ ಅವುಗಳದೇ ಗಡಿ ಇರುತ್ತದೆ. ಮೊದಲ ದಿನ ದೂರದಿಂದ ನೋಡಿ, ಗುಂಪು ಎಲ್ಲಿ ಮಲಗುತ್ತದೋ ಆ ಕಡೆ ತಿರುಗಬೇಡಿ.

11. ನೀರಿಗಿಳಿಯುವ ಮಾತು. ನಮ್ಮ ಮಕ್ಕಳು ಈಜು ಕಲಿತದ್ದು ಕೆರೆ, ಬಾವಿ, ಇಲ್ಲವೇ ಈಜುಕೊಳದಲ್ಲಿ. ಅಲ್ಲಿ ನೀರು ಎಳೆಯುವುದಿಲ್ಲ. ಮಹಾಬಲಿಪುರ, ಪುದುಚೇರಿಯ ಸೆಳೆತದಲ್ಲಿ ಚೆನ್ನಾಗಿ ಈಜುವವರೂ ಹೋಗಿದ್ದಾರೆ. ಮೊಣಕಾಲ ಮೇಲೆ ನೀರು ಬೇಡ. ಸೆಳೆತಕ್ಕೆ ಸಿಕ್ಕರೆ ದಡಕ್ಕೆ ನೇರ ಈಜದೆ, ದಡದ ಉದ್ದಕ್ಕೆ ಅಡ್ಡ ಈಜಿ ಸೆಳೆತದಿಂದ ಹೊರಬರಬೇಕು. ಇನ್ನೊಂದನ್ನು ಹೊರಡುವ ಮೊದಲೇ ಕೂರಿಸಿ ಹೇಳಿ: ನಾಯಿ ಅಲೆಗೆ ಸಿಕ್ಕಿತೆಂದು ಅದರ ಹಿಂದೆ ಧುಮುಕಬಾರದು. ಅಲ್ಲಿನ ಮೀನುಗಾರರನ್ನು ಕೂಗಿ ಕರೆಯಬೇಕು.

12. ಸುತ್ತಾಟದ ದಿನ ಒಬ್ಬರು ಹೊರಗೆ. ನಾಯಿಯನ್ನು ಬಿಟ್ಟು ಸ್ವರ್ಗಕ್ಕೂ ಬರುವುದಿಲ್ಲ ಎಂದ ಧರ್ಮರಾಯನ ಹೆಸರಿನ ಕಲ್ಲಿನ ರಥ ಮಹಾಬಲಿಪುರದಲ್ಲಿದೆ. ಆ ಆವರಣಕ್ಕೆ ನಿಮ್ಮ ನಾಯಿಯನ್ನು ಬಿಟ್ಟಾರೆಂದು ಮಾತ್ರ ನಂಬಿ ಹೋಗಬೇಡಿ. ಅರ್ಜುನ ತಪಸ್ಸಿನ ದೊಡ್ಡ ಬಂಡೆಯನ್ನು ರಸ್ತೆಯಲ್ಲೇ ನಿಂತು ನೋಡಬಹುದು, ಅದು ನಾಯಿ ಹಿಡಿದವರ ಪಾಲು. ಕಾರಿನ ಕಿಟಕಿ ಚೂರು ಇಳಿಸಿ ನಾಯಿಯನ್ನು ಒಳಗೆ ಕೂಡಿಹಾಕಿ ಗುಡಿಗೆ ಹೋಗುವುದು, ಹತ್ತು ನಿಮಿಷಕ್ಕಾದರೂ, ಬೇಡ.

ಮುದಿನಾಯಿ, ಕಚ್ಚುವ ಚಾಳಿಯ ನಾಯಿ, ಕಾರು ಕಂಡರೆ ನಡುಗುವ ನಾಯಿ ಇದ್ದವರು ಅದನ್ನು ತೋಟದ ಮನೆಯಲ್ಲಿ ಚಿಕ್ಕಪ್ಪನ ಹತ್ತಿರ ಬಿಟ್ಟು ಹೋಗಲಿ. ಅಪಾರ್ಟ್‌ಮೆಂಟಿನವರಿಗಿಲ್ಲದ ಆ ಅನುಕೂಲ ನಮ್ಮ ಕಡೆ ಇನ್ನೂ ಇದೆ. ಒಯ್ದವರು ಪ್ರತಿ ಸಂಜೆ ಸಿಹಿನೀರಿನಲ್ಲಿ ಉಪ್ಪು ತೊಳೆದು, ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಹುಡುಕಿ, ಕಿವಿ ಒರೆಸಿ ಮಲಗಿಸಬೇಕು. ಉಣ್ಣೆಯಿಂದ ಬರುವ ಜ್ವರ ಕಾಣಿಸಿಕೊಳ್ಳಲು ಒಂದರಿಂದ ಮೂರು ವಾರ ಹಿಡಿಯುತ್ತದೆ. ಊರಿಗೆ ಮರಳಿದ ಮೇಲೆ ನಾಯಿ ಊಟ ಬಿಟ್ಟು ಮೂಲೆ ಹಿಡಿದರೆ, ಕಡಲಿಗೆ ಹೋಗಿ ಬಂದದ್ದನ್ನು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ.