ವಿಮಾನದಲ್ಲಿ ಆಪತ್ಕಾಲದ ಪಟ್ಟಿ

ಪರೀಕ್ಷಾ ಕೊಠಡಿಯಲ್ಲಿ ಪುಸ್ತಕ ತೆರೆಯುವುದು ಅಪರಾಧ. ಹಾರಾಟದಲ್ಲಿ ಯಂತ್ರ ಕೆಟ್ಟಾಗ ಪುಸ್ತಕ ತೆರೆಯುವುದು ವಿಮಾನಚಾಲಕನ ಕರ್ತವ್ಯ. ಇದೇಕೆಂಬುದನ್ನು ಇಲ್ಲಿ ಸ್ಥೂಲವಾಗಿ ವಿವೇಚಿಸಲು ಯತ್ನಿಸಿದ್ದೇನೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾದ ಮೇಲೆ ಹೆಬ್ಬೂರಿನವರಾದ ನಮಗೂ ಇದು ದೂರದ ವಿಷಯವಲ್ಲ.

ಪಟ್ಟಿಯ ಪದ್ಧತಿ ಬೇರೂರಿದುದು ಒಂದು ದುರಂತದಿಂದ. 1935ರ ಅಕ್ಟೋಬರ್ 30ರಂದು ಅಮೆರಿಕದ ಡೇಟನ್ ಬಳಿ ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನವು ಮೇಲೇರಿದೊಡನೆಯೇ ಬಿದ್ದು ಉರಿಯಿತು. ನಿಂತಿರುವಾಗ ಬಾಲದ ಪಟಲಗಳು ಗಾಳಿಗೆ ಅಲುಗದಂತೆ ಹಾಕುವ ಬೀಗವನ್ನು ತೆಗೆದಿರಲಿಲ್ಲ. ನಡೆಸಿದವರು ನುರಿತವರೇ. ಆದುದರಿಂದ, ಮಾಡಬೇಕಾದ ಕೆಲಸಗಳನ್ನು ಕ್ರಮವಾಗಿ ಬರೆದಿಡುವ ಏರ್ಪಾಡಾಯಿತು.

ಇಂದಿನ ಪ್ರಯಾಣಿಕ ವಿಮಾನದಲ್ಲಿ ಚಾಲಕರು ಇಬ್ಬರು. ಅಪಾಯದ ಗಂಟೆ ಬಾರಿಸಿದರೆ ಒಬ್ಬನು ವಿಮಾನ ಹಾರಿಸುವುದರಲ್ಲೇ ಮನಸ್ಸಿಡುತ್ತಾನೆ. ಇನ್ನೊಬ್ಬನು ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾನೆ. ಎಂಜಿನ್ನಿಗೆ ಬೆಂಕಿ ಬಿದ್ದರೆ, ಇಂಧನ ನಿಲ್ಲಿಸುವ ಮುನ್ನ ಕೆಟ್ಟದ್ದು ಇದೇ ಎಂದು ಇಬ್ಬರೂ ನೋಡಿ ಒಪ್ಪಬೇಕು. 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಬಳಿ ಬಿದ್ದ ವಿಮಾನದಲ್ಲಿ ಕೆಟ್ಟಿದ್ದುದು ಎಡದ ಎಂಜಿನ್ನು, ನಿಲ್ಲಿಸಿದುದು ಬಲದ್ದು. 47 ಮಂದಿ ಮಡಿದರು.

ಹಾಗಾದರೆ ಕಂಠಪಾಠವೇ ಬೇಡವೆ? ಬೇಕು. ಒಂದೇ ಎಂಜಿನ್ನಿನ ಹೆಲಿಕಾಪ್ಟರಿನಲ್ಲಿ ಅದೂ ನಿಂತರೆ ಪುಟ ತಿರುವಲು ವೇಳೆಯೆಲ್ಲಿ? ಚಾಲಕನು ಎಡಗೈಯ ಸನ್ನೆಯನ್ನು ತತ್‌ಕ್ಷಣ ತಗ್ಗಿಸಬೇಕು. ಆಗ ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಗಳನ್ನು ತಿರುಗಿಸುತ್ತ ಯಂತ್ರವನ್ನು ಇಳಿಸಲು ನೆರವಾಗುತ್ತದೆ. ಇಂಥ ಕೆಲವೇ ಕ್ರಿಯೆಗಳು ಬಾಯಿಪಾಠಕ್ಕೆ, ಉಳಿದುವು ಓದಿಗೆ.

ಪಟ್ಟಿಯೂ ಎಲ್ಲವನ್ನೂ ಬಲ್ಲುದಲ್ಲ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳು ಬಡಿದು ವಿಮಾನವೊಂದರ ಎರಡೂ ಎಂಜಿನ್ನುಗಳು ಸೋತುವು. ಬಹು ಎತ್ತರದ ಹಾರಾಟಕ್ಕೆಂದು ಬರೆದಿದ್ದ ಪಟ್ಟಿಯನ್ನು ಮುಗಿಸಲು ಸಮಯ ಸಾಲಲಿಲ್ಲ. ಸಹಚಾಲಕನು ಓದುತ್ತಿದ್ದಂತೆ ನಾಯಕನು ಹಡ್ಸನ್ ನದಿಯ ಮೇಲೆ ಇಳಿಸಿದನು. 155 ಮಂದಿಯೂ ಉಳಿದರು. ಒಬ್ಬನು ಓದಿದುದರಿಂದಲೇ ಇನ್ನೊಬ್ಬನಿಗೆ ಯೋಚಿಸಲು ಬಿಡುವು ದೊರೆಯಿತೆಂಬುದನ್ನು ವಾಚಕರು ಗಮನಿಸಬೇಕು.

ನಮ್ಮ ಮನೆತನದಲ್ಲಿ ಪದವಿ ತರಗತಿಗೆ ಬಂದವರಲ್ಲಿ ನಾನೇ ಮೊದಲಿಗ. ಅಕ್ಷರವರಿಯದ ನನ್ನ ಹಿರಿಯರು ಬಿತ್ತನೆಯ ಕಾಲದಿಂದ ಸಾಲದ ಲೆಕ್ಕದವರೆಗೆ ಎಲ್ಲವನ್ನೂ ನೆನಪಿನಲ್ಲೇ ಹೊತ್ತು ಬಾಳಿದರು. ಆ ಶಕ್ತಿಗೆ ನಾನು ತಲೆಬಾಗುತ್ತೇನೆ. ಆದರೆ ಅವರಿಗೆ ಬೇರೆ ದಾರಿಯಿರಲಿಲ್ಲ, ನಮಗಿದೆ. ಯಾವುದನ್ನು ನೆನಪಿಡಬೇಕು, ಯಾವುದನ್ನು ನೋಡಿಯೇ ಮಾಡಬೇಕು ಎಂಬ ವಿವೇಕವೂ ವಿದ್ಯೆಯ ಫಲವೇ. ಬಲ್ಲವನು ಬರೆದುದನ್ನು ನೋಡಿ ನಡೆದರೆ ಅವನ ಗೌರವಕ್ಕೇನೂ ಕುಂದಿಲ್ಲ.