ಪಿಚಿಂಗ್ ಮಾಡುವ ಮಕ್ಕಳ ಮೊಣಕೈ ಕಾಯುವ ಸೂತ್ರಗಳು

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳೂ ಲಿಟಲ್ ಲೀಗ್ ಎಂಬ ಮಕ್ಕಳ ಬೇಸ್‌ಬಾಲ್ ಕೂಟ ಸೇರುತ್ತಾರೆ. ಕ್ರಿಕೆಟ್ ನೋಡಿ ಬೆಳೆದ ಅಪ್ಪ-ಅಮ್ಮಂದಿರಿಗೆ ವೇಗದ ಬೌಲರ್‌ನ ಬೆನ್ನುನೋವು ಗೊತ್ತು. ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವ ಪಿಚರ್‌ಗೆ ಪೆಟ್ಟು ಬೀಳುವುದು ಮೊಣಕೈಗೆ, ಭುಜಕ್ಕೆ.

1. ಎಸೆತ ಎಣಿಸಿ. ಅಮೆರಿಕದ ಯುವ ಪಿಚರ್‌ಗಳಿಗಾಗಿ ಇರುವ ‘ಪಿಚ್ ಸ್ಮಾರ್ಟ್’ ಮಾರ್ಗಸೂಚಿಯಂತೆ ದಿನದ ಮಿತಿ 9–10 ವಯಸ್ಸಿಗೆ 75, 11–12ಕ್ಕೆ 85, 13–16ಕ್ಕೆ 95. ಹದಿನಾಲ್ಕರೊಳಗಿನ ಮಗು 66 ಮುಟ್ಟಿದರೆ 4 ದಿನ ವಿಶ್ರಾಂತಿ. ಎರಡು ತಂಡಗಳಲ್ಲಿ ಆಡುವ ಮಗುವಿನ ಒಟ್ಟು ಲೆಕ್ಕ ಯಾವ ಕೋಚ್ ಬಳಿಯೂ ಇರುವುದಿಲ್ಲ. ಅದನ್ನು ನೀವೇ ಇಡಬೇಕು.

2. ದಣಿದ ಕೈಗೆ ಚೆಂಡು ಕೊಡಬೇಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸೂತ್ರ ಇದೇ. ಸ್ನಾಯುಗಳು ಸೋತಾಗ ಎಸೆತದ ಹೆಚ್ಚಿನ ಭಾರ ಮೊಣಕೈಯ ಒಳಬದಿಯ ಅಸ್ಥಿಬಂಧಕ್ಕೆ ಬೀಳುತ್ತದೆ. ಲಕ್ಷಣಗಳು ಕಣ್ಣಿಗೆ ಕಾಣುತ್ತವೆ: ಮೊಣಕೈ ಭುಜದ ಮಟ್ಟದಿಂದ ಕೆಳಗಿಳಿಯುತ್ತದೆ, ಚೆಂಡು ಮೇಲೆ ಮೇಲೆ ಹೋಗುತ್ತದೆ, ಎಸೆತದ ನಡುವೆ ಹುಡುಗ ಕೈ ಕೊಡವುತ್ತಾನೆ. ಅಲಬಾಮಾದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಣಿದ ಕೈಯಲ್ಲೇ ಪದೇ ಪದೇ ಎಸೆದ ಹದಿಹರೆಯದವರಿಗೆ ಶಸ್ತ್ರಚಿಕಿತ್ಸೆ ಬೇಕಾಗುವಂಥ ಗಾಯದ ಸಾಧ್ಯತೆ 36 ಪಟ್ಟು.

3. ವರ್ಷದಲ್ಲಿ 4 ತಿಂಗಳು ಪಿಚಿಂಗ್ ಬಂದ್. ಅದರಲ್ಲಿ ಎರಡು-ಮೂರು ತಿಂಗಳು ಸತತವಾಗಿರಲಿ. ಆಗ ಫುಟ್‌ಬಾಲ್ ಆಡಲಿ, ಓಡಲಿ.

4. ಪಿಚಿಂಗ್ ಮುಗಿಸಿದವನನ್ನು ಅದೇ ಪಂದ್ಯದಲ್ಲಿ ಕ್ಯಾಚರ್ ಮಾಡಬೇಡಿ. ಆ ಜಾಗದಲ್ಲೂ ಎಸೆತ ತಪ್ಪುವುದಿಲ್ಲ.

5. ‘ಸಾಕು’ ಎನ್ನುವ ಕೋಚ್ ಜೊತೆ ನಿಲ್ಲಿ. 2019ರಲ್ಲಿ ಜಪಾನಿನ ಶಾಲಾ ಹುಡುಗ ರೋಕಿ ಸಸಾಕಿ ಒಂದು ಪಂದ್ಯದಲ್ಲಿ 194, ಕೆಲವೇ ದಿನಗಳಲ್ಲಿ ಸೆಮಿಫೈನಲ್‌ನಲ್ಲಿ 129 ಎಸೆತ ಎಸೆದಿದ್ದ. ಮರುದಿನದ ಫೈನಲ್‌ಗೆ ಕೋಚ್ ಅವನನ್ನು ಇಳಿಸಲಿಲ್ಲ. ತಂಡ ಸೋತಿತು, ಕೊಶಿಯೆನ್ ಎಂಬ ರಾಷ್ಟ್ರೀಯ ಶಾಲಾ ಟೂರ್ನಿ ತಲುಪುವ ಕನಸು ಮುರಿಯಿತು, ಕೋಚ್ ಬೈಸಿಕೊಂಡರು. ಸಸಾಕಿ 2022ರಲ್ಲಿ ವೃತ್ತಿಪರ ಲೀಗಿನಲ್ಲಿ ಒಬ್ಬ ಬ್ಯಾಟರನ್ನೂ ಬೇಸ್ ಮುಟ್ಟಲು ಬಿಡದೆ ಪರ್ಫೆಕ್ಟ್ ಗೇಮ್ ಎಸೆದ.

6. ಆಪರೇಷನ್ ನಂಬಿ ಎಸೆಸಬೇಡಿ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಪಿಚರ್ ಟಾಮಿ ಜಾನ್ ಅವರ ಬಲಗೈಯ ಸ್ನಾಯುರಜ್ಜು ತೆಗೆದು, ಎಡ ಮೊಣಕೈಯಲ್ಲಿ ಹರಿದಿದ್ದ ಅಸ್ಥಿಬಂಧದ ಜಾಗಕ್ಕೆ ಹೊಲಿದರು. ಟಾಮಿ 1976ರಲ್ಲಿ ಮರಳಿ ಇನ್ನೂ 164 ಪಂದ್ಯ ಗೆದ್ದರು. ಇದನ್ನು ಕೇಳಿ, ಆಪರೇಷನ್ ಆದರೆ ಕೈ ಇನ್ನಷ್ಟು ಗಟ್ಟಿಯಾಗುತ್ತದೆ ಎಂದುಕೊಳ್ಳುವವರಿದ್ದಾರೆ. ಅದು ಸುಳ್ಳು. ಚೇತರಿಕೆಗೇ ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಮೊಣಕೈಯ ಒಳಬದಿ ನೋಯುತ್ತಿದೆ ಎಂದು ಮಗು ಹೇಳಿದರೆ ನೋವಿನ ಮಾತ್ರೆ ಕೊಟ್ಟು ಮೈದಾನಕ್ಕೆ ಕಳಿಸಬೇಡಿ. ಎಸೆತ ನಿಲ್ಲಿಸಿ, ಕ್ರೀಡಾ ವೈದ್ಯರಿಗೆ ತೋರಿಸಿ.